ಐದನೇ ತಿಂಗಳ ಸ್ಕ್ಯಾನಿಂಗ್: ಕಂಡದ್ದೆಷ್ಟು, ಹೇಳಿದ್ದೆಷ್ಟು

ಕೊನೆಯ ಮುಟ್ಟಿನ ದಿನದಿಂದ ಎಣಿಸಿ 18ರಿಂದ 20 ವಾರಗಳ ನಡುವೆ ಮಾಡಿಸುವ ಅಲ್ಟ್ರಾಸೌಂಡ್ ತಪಾಸಣೆಗೆ ವೈದ್ಯರ ಚೀಟಿಯಲ್ಲಿ ‘ಅನಾಮಲಿ ಸ್ಕ್ಯಾನ್’ ಅಥವಾ ‘ಟಿಫಾ’ ಎಂದು ಬರೆದಿರುತ್ತದೆ. ಮನೆಮಂದಿಗೆ ಅದು ಐದನೇ ತಿಂಗಳ ಸ್ಕ್ಯಾನಿಂಗ್. ಮಗುವಿನ ಅಂಗಾಂಗಗಳು ಸರಿಯಾಗಿ ಮೂಡಿವೆಯೇ ಎಂದು ತಲೆಯಿಂದ ಪಾದದವರೆಗೆ ನೋಡುವುದು ಇದರ ಉದ್ದೇಶ. ತೀರ ಬೇಗ ಮಾಡಿದರೆ ಹೃದಯದ ರಚನೆ ಸ್ಪಷ್ಟವಾಗಿ ಕಾಣದು. ತಡವಾದರೆ, ದೋಷ ಕಂಡಾಗ ಮುಂದೇನು ಎಂದು ಯೋಚಿಸಲು ದಿನಗಳೇ ಉಳಿಯುವುದಿಲ್ಲ. ಬಸಿರಿನ 24 ವಾರ ತುಂಬುವ ಮೊದಲು ಒಂದು ಸ್ಕ್ಯಾನ್ ಆಗಲೇಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದೆ.

ವೈದ್ಯರು ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ ಆಡಿಸುತ್ತ ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದಗಳನ್ನು ಅಳೆದುಕೊಳ್ಳುತ್ತಾರೆ. ಮೆದುಳಿನೊಳಗಿನ ನೀರಿನ ಕೋಣೆಗಳ ಅಗಲ 10 ಮಿಲಿಮೀಟರ್ ಮುಟ್ಟಿದರೆ ಅಥವಾ ದಾಟಿದರೆ ಅದು ಗಮನಿಸಬೇಕಾದ ಸಂಗತಿ. ಮೇಲ್ದುಟಿ ಸೀಳಿದೆಯೇ, ಬೆನ್ನುಹುರಿಯ ಮೇಲೆ ಚರ್ಮ ಕೂಡಿದೆಯೇ, ಎರಡೂ ಮೂತ್ರಪಿಂಡಗಳಿವೆಯೇ, ಮಾಸು ಎಲ್ಲಿ ಅಂಟಿದೆ, ಸುತ್ತ ನೀರು ಸಾಕಷ್ಟಿದೆಯೇ ಎಂಬುದೆಲ್ಲ ಈ ಸುತ್ತಿನಲ್ಲೇ ತಿಳಿಯಬೇಕು. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಹೃದಯ. ನಾಲ್ಕು ಕೋಣೆಗಳು ಕಂಡರೆ ಸಾಲದು, ಅಲ್ಲಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಒಂದನ್ನೊಂದು ಹಾಯುವುದೂ ಕಾಣಬೇಕು. ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಅದು ಸಿಗುವುದಿಲ್ಲ. ಆಗ ತಾಯಿಗೆ ಸ್ವಲ್ಪ ಓಡಾಡಿ, ಏನಾದರೂ ತಿಂದು ಬರಲು ಹೇಳುತ್ತಾರೆ. ಹೀಗೆ ಕಾಯುವ ವೈದ್ಯರದೇ ಒಳ್ಳೆಯ ತಪಾಸಣೆ. ಸಾಲು ಉದ್ದವಿದೆಯೆಂದು ಹತ್ತು ನಿಮಿಷದಲ್ಲಿ ಮುಗಿಸಿ ಕಳಿಸಿದ ಸ್ಕ್ಯಾನಿಗೆ ಅನಾಮಲಿ ಸ್ಕ್ಯಾನ್ ಎಂಬ ಹೆಸರು ಸಲ್ಲದು.

ಇಷ್ಟಾದರೂ ಇದು ಎಲ್ಲವನ್ನೂ ಹೇಳುವ ಪರೀಕ್ಷೆಯಲ್ಲ. ಹೃದಯದ ಸಣ್ಣ ರಂಧ್ರಗಳು ತಪ್ಪಿಸಿಕೊಳ್ಳಬಹುದು, ಕಿವುಡುತನ ಕಾಣುವುದಿಲ್ಲ, ಡೌನ್ ಸಿಂಡ್ರೋಮ್ ಇಲ್ಲವೆಂದು ಇದೊಂದರಿಂದಲೇ ಖಚಿತವಾಗಿ ಹೇಳಲಾಗದು. ಇನ್ನೊಂದು ಕಡೆ, ಭಯಪಡಬೇಕಿಲ್ಲದ್ದೂ ವರದಿಯಲ್ಲಿ ದಾಖಲಾಗುತ್ತದೆ. ಹೃದಯದಲ್ಲಿ ಕಾಣುವ ಒಂದು ಬಿಳಿ ಚುಕ್ಕೆ ಬೇರೆ ಯಾವ ದೋಷವೂ ಇಲ್ಲದಿದ್ದರೆ ಸಾಮಾನ್ಯವಾಗಿ ನಿರಪಾಯ. ಐದನೇ ತಿಂಗಳಲ್ಲಿ ಕೆಳಗಿದ್ದ ಮಾಸು, ಗರ್ಭಕೋಶ ಹಿಗ್ಗಿದಂತೆ, ಬಹುಪಾಲು ಹೆಂಗಸರಲ್ಲಿ ಹೆರಿಗೆಯ ಹೊತ್ತಿಗೆ ಮೇಲೆ ಸರಿದಿರುತ್ತದೆ. ಆದರೆ ಇಂಗ್ಲಿಷಿನಲ್ಲಿ ಅಚ್ಚಾದ ವರದಿ ಹಿಡಿದು ಮನೆಗೆ ಹೋದ ದಂಪತಿಗೆ ಈ ಮಾತು ಯಾರೂ ಹೇಳಿರುವುದಿಲ್ಲ. ಪ್ರಸೂತಿ ವೈದ್ಯರ ಮುಂದಿನ ಭೇಟಿಯವರೆಗೂ ಅವರಿಗೆ ನಿದ್ದೆಯಿಲ್ಲ. ಈ ಪದ್ಧತಿಯ ದೊಡ್ಡ ಕೊರತೆ ಯಂತ್ರದ್ದಲ್ಲ, ವಿವರಿಸದೆ ಕಳಿಸುವುದರದು.

ಈ ಮೌನಕ್ಕೆ ಕಾಯ್ದೆಯ ಭಯವೂ ಒಂದು ಕಾರಣ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ 1996ರಲ್ಲಿ ಜಾರಿಗೆ ಬಂತು, 2003ರಲ್ಲಿ ಬಿಗಿಯಾಯಿತು. ಮಗುವಿನ ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಿದವರಿಗೆ ಮೂರು ವರ್ಷದವರೆಗೆ ಜೈಲುಶಿಕ್ಷೆಯಿದೆ. ಪ್ರತಿ ಸ್ಕ್ಯಾನಿಗೂ ಫಾರ್ಮ್ ‘ಎಫ್’ ತುಂಬಬೇಕು, ಲಿಂಗ ತಿಳಿಯಬಯಸುವುದಿಲ್ಲವೆಂದು ಗರ್ಭಿಣಿ ಅದರಲ್ಲಿ ಸಹಿ ಹಾಕಬೇಕು. ಈ ಬಿಗಿ ಬೇಕೇ ಬೇಕು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಬಯಲಾದಾಗ, ಹೆಣ್ಣುಮಗುವಿನ ಜೀವಕ್ಕೆ ಇನ್ನೂ ಎಂಥ ಅಪಾಯವಿದೆಯೆಂಬುದು ಕರ್ನಾಟಕಕ್ಕೆಲ್ಲ ತಿಳಿಯಿತು. ಆದರೆ ಕಾಯ್ದೆ ಮುಚ್ಚಿಡು ಎಂದದ್ದು ಲಿಂಗವೊಂದನ್ನು ಮಾತ್ರ. ಹೃದಯ ಬಡಿಯುವುದನ್ನು, ಬೆರಳು ಮಡಚುವುದನ್ನು ತೋರಿಸಬೇಡಿ ಎಂದಿಲ್ಲ, ಗಂಡನನ್ನು ಬಾಗಿಲ ಹೊರಗೆ ನಿಲ್ಲಿಸಿ ಎಂದೂ ಇಲ್ಲ. ಆದರೂ ಎಷ್ಟೋ ಕೇಂದ್ರಗಳಲ್ಲಿ ಗಂಡ ಕಾರಿಡಾರಿನಲ್ಲೇ ಉಳಿಯುತ್ತಾನೆ, ತಾಯಿಗೆ ಪರದೆಯ ಬೆನ್ನಷ್ಟೇ ಕಾಣುತ್ತದೆ. ಕೆಟ್ಟ ಸುದ್ದಿಯಿದ್ದ ದಿನ ಇದು ಇನ್ನೂ ಕ್ರೂರ, ಅದನ್ನು ಹೆಂಗಸೊಬ್ಬಳೇ ಕೇಳಿಸಿಕೊಂಡು ಹೊರಬಂದು ತಾನೇ ಗಂಡನಿಗೆ ಹೇಳಬೇಕು.

ಅಂಥ ಸುದ್ದಿಯ ನಂತರದ ದಾರಿಯೂ ಆ ಕೋಣೆಯಲ್ಲೇ ತಿಳಿಯಬೇಕಾದದ್ದು. ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, 20 ವಾರಗಳ ಮಿತಿ ನಿಗದಿತ ವರ್ಗಗಳಿಗೆ 24 ವಾರಕ್ಕೆ ಏರಿತು. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯ ಮೇಲೆ ಅದರಾಚೆಗೂ ಅವಕಾಶವಿದೆ. ಇನ್ನು ಕೆಲವು ದೋಷಗಳಿಗೆ ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯುಂಟು. ಮಗುವಿನ ಹೃದಯ ತಜ್ಞರಿರುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಲು ಮೊದಲೇ ತಯಾರಿ ನಡೆಸಬಹುದು. ಇದನ್ನು ಯಾರೂ ಹೇಳದಿದ್ದರೆ ಸ್ಕ್ಯಾನಿನಿಂದ ಕುಟುಂಬಕ್ಕೆ ಸಿಕ್ಕಿದ್ದು ಭಯ ಮಾತ್ರ.

ತಪಾಸಣೆಯಾಗಿ ಐದನೇ ತಿಂಗಳ ಸ್ಕ್ಯಾನಿಗೆ ಸಾಟಿಯಿಲ್ಲ. ತಾಯಿತಂದೆಯರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅದು ಬಹಳ ಸೋತಿದೆ. ಸ್ಕ್ಯಾನ್ ಕೇಂದ್ರಗಳು ವರದಿಯ ಜೊತೆ ಕನ್ನಡದಲ್ಲಿ ಒಂದು ಪುಟ ಕೊಡಲಿ, ಕೊನೆಯ ಐದು ನಿಮಿಷ ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಲಿ. ದಂಪತಿಗಳೂ ಏನು ನೋಡಿದಿರಿ, ಏನು ಕಾಣಲಿಲ್ಲ, ಮತ್ತೆ ಯಾವಾಗ ಬರಬೇಕು ಎಂದು ಕೇಳಿ ತಿಳಿದೇ ಕೋಣೆಯಿಂದ ಎದ್ದು ಬರಲಿ.