ಲಾಕ್ ಉಳಿಸುವ ಕೈ

ಬೈಕ್ ಮೆಕ್ಯಾನಿಕ್ ಒಬ್ಬರ ಕೆಲಸ ಎಂಥದ್ದೆಂದು ತಿಳಿಯಬೇಕಾದರೆ ಅವರು ಬಿಚ್ಚಿ ಮತ್ತೆ ಕೂರಿಸಿದ ಫೇರಿಂಗಿನ, ಅಂದರೆ ಗಾಡಿಯ ಪ್ಲಾಸ್ಟಿಕ್ ಹೊದಿಕೆಯ, ಒಳಮೈ ನೋಡಬೇಕು. ಪ್ಯಾನಲ್ಲಿನ ಅಂಚಿನಲ್ಲಿ ಒಂದು ಸೆಂಟಿಮೀಟರ್ ಆಸುಪಾಸಿನ ಪ್ಲಾಸ್ಟಿಕ್ ನಾಲಿಗೆಗಳಿರುತ್ತವೆ. ಗ್ಯಾರೇಜಿನ ಮಾತಿನಲ್ಲಿ ಅವು ‘ಲಾಕ್’. ಅವೆಲ್ಲ ನೆಟ್ಟಗಿದ್ದರೆ ಆ ಕೈಯನ್ನು ಕಣ್ಣು ಮುಚ್ಚಿ ನಂಬಬಹುದು. ಬೆಂಗಳೂರಿನ ಕೋಣನಕುಂಟೆ ಕ್ರಾಸಿನ ಸುತ್ತಮುತ್ತ, ಮೆಟ್ರೋ ಕಂಬಗಳ ಸಾಲಿನಿಂದ ಒಳರಸ್ತೆಗಳಿಗೆ ಹೊರಳಿದರೆ ಸಿಗುವ ಒಂದೇ ಶಟರಿನ ಗ್ಯಾರೇಜುಗಳಲ್ಲಿ ಇಂಥ ಕೈಗಳಿವೆ. ಆದರೆ ಅವು ಪಳಗಿದ್ದು ಗಿರಾಕಿಗಳ ಲಾಕ್ ಮುರಿಯುತ್ತಲೇ. ಈ ಕಸುಬಿನ ಬಗ್ಗೆ ನನ್ನ ಮೆಚ್ಚುಗೆಯೂ ತಕರಾರೂ ಎರಡೂ ಹುಟ್ಟುವುದು ಇಲ್ಲಿಂದ.

ನಮ್ಮ ಊರುಗಳ ಮೆಕ್ಯಾನಿಕ್ ಪರಂಪರೆ ಬೆಳೆದದ್ದು ತಗಡಿನ ಮೇಲೆ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳ ಪಕ್ಕದ ಡಬ್ಬಿ ತಗಡಿನದು. ಜಗ್ಗಿದರೆ ಸೊಟ್ಟಗಾಗುತ್ತಿತ್ತು, ಬಡಿದರೆ ನೆಟ್ಟಗಾಗುತ್ತಿತ್ತು. ಆ ಮೇಲೆ 2003ರಲ್ಲಿ ಕರಿಜ್ಮಾ, 2008ರಲ್ಲಿ ಯಮಹಾ ಆರ್15, 2017ರ ಕೊನೆಗೆ ಪಕ್ಕದ ಹೊಸೂರಿನ ಟಿವಿಎಸ್‌ನಿಂದ ಅಪಾಚೆ ಆರ್‌ಆರ್ 310 ಬಂದವು. ಗಾಡಿಯ ಮೈಯನ್ನು ಪ್ಲಾಸ್ಟಿಕ್ ಆವರಿಸಿಕೊಂಡಿತು. ಹಳೆಯ ಕೈಗಳು ಮಾತ್ರ ತಗಡಿನ ಅಭ್ಯಾಸವನ್ನೇ ಮುಂದುವರಿಸಿದವು. ‘ಫೈಬರ್ ತಾನೇ, ಎಳೀರಿ ಬರುತ್ತೆ’ ಎಂಬ ಮಾತು ಇಂದಿಗೂ ಕೇಳಿಸುತ್ತದೆ.

ಗ್ಯಾರೇಜು ಫೈಬರ್ ಎಂದು ಕರೆಯುವುದು ಹೆಚ್ಚಿನ ಗಾಡಿಗಳಲ್ಲಿ ಎಬಿಎಸ್ ಅಥವಾ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಪ್ಯಾನಲ್ ತಿರುಗಿಸಿ ನೋಡಿದರೆ ಯಾವುದೆಂಬ ಗುರುತು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಎಬಿಎಸ್‌ಗೆ ಜಿಗುಟುತನ ಕೊಡುವುದು ಅದರೊಳಗಿನ ರಬ್ಬರ್ ಅಂಶ. ವರ್ಷಗಟ್ಟಲೆ ಬಿಸಿಲಿಗೂ ಎಂಜಿನ್ನಿನ ಕಾವಿಗೂ ಒಡ್ಡಿಕೊಂಡಂತೆ ಅದು ಸೊರಗುತ್ತದೆ, ಹೊಸದರಲ್ಲಿ ಬಾಗುತ್ತಿದ್ದ ಲಾಕ್ ಆರೇಳು ವರ್ಷದ ಗಾಡಿಯಲ್ಲಿ ಟಕ್ಕನೆ ಮುರಿಯುತ್ತದೆ. ಲಾಕ್ ಪ್ಯಾನಲ್ಲಿನ ಜೊತೆಗೇ ಒಂದೇ ಅಚ್ಚಿನಲ್ಲಿ ಎರಕವಾಗಿರುವುದರಿಂದ ಅದನ್ನಷ್ಟೇ ಬಿಡಿಭಾಗವಾಗಿ ಕೊಳ್ಳಲು ಬರುವುದಿಲ್ಲ. ಚಿಕ್ಕದೊಂದು ನಾಲಿಗೆಗಾಗಿ ಬಣ್ಣ, ಸ್ಟಿಕ್ಕರ್ ಸಮೇತ ಇಡೀ ಪ್ಯಾನಲ್ ಬದಲಿಸಬೇಕು.

ಒಳ್ಳೆಯ ಕೆಲಸ ಹೇಗಿರುತ್ತದೆ? ಮೊದಲಿಗೆ ತೊಳೆಯುತ್ತಾರೆ. ಸಂದಿನಲ್ಲಿ ಕೂತ ಮಣ್ಣು ಲಾಕನ್ನು ಹಿಡಿದಿಟ್ಟಿರುತ್ತದೆ, ಸ್ಕ್ರೂ ತಲೆಯನ್ನೂ ಮುಚ್ಚಿರುತ್ತದೆ. ಆಮೇಲೆ ಸೀಟು ತೆಗೆದು, ಕಾಣುವ ಸ್ಕ್ರೂಗಳ ಜೊತೆ ಕಾಣದ ಒಂದನ್ನು ಹುಡುಕುತ್ತಾರೆ. ಪ್ಯಾನಲ್ ಒಂದು ಮೂಲೆಯಲ್ಲಿ ಮಾತ್ರ ಹಟ ಹಿಡಿದರೆ ಅಲ್ಲೊಂದು ಸ್ಕ್ರೂ ಉಳಿದಿದೆಯೆಂದೇ ಲೆಕ್ಕ. ಇಂಥ ಹೊತ್ತಿನಲ್ಲಿ ಅನುಭವಿ ಕೈ ನಿಲ್ಲುತ್ತದೆ, ಅವಸರದ ಕೈ ಜಗ್ಗುತ್ತದೆ.

ಲಾಕುಗಳಲ್ಲೂ ಜಾತಿಗಳಿವೆ. ಕೊಂಡಿಯಂತೆ ಬಾಗಿದ್ದು ಸೀಳಿನೊಳಗೆ ಜಾರಿ ಕೂತಿರುತ್ತದೆ. ಅದನ್ನು ಹೊರಕ್ಕೆ ಎಳೆಯಬಾರದು, ಪ್ಯಾನಲ್ಲನ್ನು ಮುಂದಕ್ಕೋ ಹಿಂದಕ್ಕೋ ಸರಿಸಬೇಕು. ಗುಂಡುತಲೆಯ ಗೂಟ ರಬ್ಬರ್ ಗ್ರೊಮೆಟ್ಟಿನಲ್ಲಿ ಸಿಕ್ಕಿರುತ್ತದೆ. ಅದು ಮಾತ್ರ ನೇರ ಹೊರಕ್ಕೇ ಬರಬೇಕು, ಓರೆಯಾದರೆ ಬುಡದಲ್ಲೇ ಮುರಿಯುತ್ತದೆ. ಗ್ರೊಮೆಟ್ ಒಣಗಿದ್ದರೆ ಒಂದೆರಡು ಹನಿ ಸೋಪಿನ ನೀರು ಸಾಕು. ಪ್ಲಾಸ್ಟಿಕ್ ರಿವೆಟ್ಟುಗಳಲ್ಲಿ ಕೆಲವಕ್ಕೆ ನಡುವಿನ ಮೊಳೆಯನ್ನು ಮೊಂಡು ತುದಿಯಿಂದ ಸ್ವಲ್ಪವೇ ಒಳಕ್ಕೆ ಒತ್ತಬೇಕು, ಇನ್ನು ಕೆಲವಕ್ಕೆ ಮೇಲಕ್ಕೆತ್ತಬೇಕು. ಇದು ಗೊತ್ತಿಲ್ಲದವರು ಎಲ್ಲದಕ್ಕೂ ಕಟಿಂಗ್ ಪ್ಲೇಯರ್ ಹಾಕುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಕ್ರಮ. ಪ್ಯಾನಲ್ಲುಗಳು ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ, ಮೇಲಿನದನ್ನು ಸಡಿಲಿಸದೆ ಕೆಳಗಿನದು ಬರುವುದಿಲ್ಲ. ಕಂಪನಿಯಲ್ಲಿ ಕೊನೆಗೆ ಕೂರಿಸಿದ್ದು ಯಾವುದೆಂದು ಕಂಡುಕೊಳ್ಳುವುದೇ ಇಲ್ಲಿನ ವಿದ್ಯೆ. ಈ ಭಾಗದ ಕೆಲವು ಹಿರಿಯ ಮೆಕ್ಯಾನಿಕರು ಅದನ್ನು ಅಂಗೈಯಲ್ಲಿ ಓದುತ್ತಾರೆ. ಒಂದು ಕೈಯಿಂದ ಸಂದಿಯ ಪಕ್ಕ ಮೆಲ್ಲಗೆ ಒತ್ತುತ್ತ, ಇನ್ನೊಂದು ಕೈಯಿಂದ ಪ್ಯಾನಲ್ಲಿಗೆ ಆಧಾರ ಕೊಡುತ್ತ, ಅದು ಎತ್ತ ಜಾರಲು ಒಪ್ಪುತ್ತದೆಂದು ನೋಡುತ್ತಾರೆ. ಬಿಚ್ಚಿದ ಸ್ಕ್ರೂವನ್ನು ಅದೇ ತೂತಿಗೆ ಎರಡು ಸುತ್ತು ಹಾಕಿಡುತ್ತಾರೆ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋಗಿ ಪ್ಲಾಸ್ಟಿಕ್ ಸೀಳುವ ಅನಾಹುತ ಅಲ್ಲಿಗೆ ತಪ್ಪುತ್ತದೆ. ಯಾವ ತರಗತಿಯಲ್ಲೂ ಹೇಳಿಕೊಡದ ಈ ಶಿಸ್ತನ್ನು ನಾನು ಮನಸಾರೆ ಗೌರವಿಸುತ್ತೇನೆ.

ತಕರಾರು ಶುರುವಾಗುವುದು ಎರಡು ಕಡೆ. ಒಂದು, ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಚಾಳಿ. ಇಡೀ ಬಲ ಒಂದೇ ಬಿಂದುವಿನಲ್ಲಿ ಬಿದ್ದು ಬಣ್ಣವೂ ಹೋಗುತ್ತದೆ, ಲಾಕೂ ಹೋಗುತ್ತದೆ. ನೈಲಾನ್ ಪಟ್ಟಿಯಿಂದ, ಕೊನೆಗೆ ಹಳೆಯ ಎಟಿಎಂ ಕಾರ್ಡಿನಿಂದಲೂ ಆಗುವ ಕೆಲಸವಿದು. ಇನ್ನೊಂದು, ಮರುಜೋಡಣೆಯ ಅವಸರ. ಎಲ್ಲ ಸ್ಕ್ರೂಗಳನ್ನೂ ಬೆರಳಿನಲ್ಲಿ ಹಿಡಿಸಿ ಆಮೇಲೆ ಬಿಗಿಯುವ ಬದಲು ಮೊದಲನೆಯದನ್ನೇ ಪೂರ್ತಿ ಬಿಗಿದುಬಿಟ್ಟರೆ ಕೊನೆಯ ತೂತು ಕೂಡುವುದಿಲ್ಲ. ಅದನ್ನು ಗುದ್ದಿ ಕೂಡಿಸುತ್ತಾರೆ. ಬಿಚ್ಚುವಾಗ ಮುರಿಯುವುದು ಕಣ್ಣಿಗೆ ಬೀಳುತ್ತದೆ. ಹಾಕುವಾಗ ಬಿಟ್ಟ ಬಿರುಕು ಯಾರಿಗೂ ಕಾಣದೆ, ಕನಕಪುರ ರಸ್ತೆಯ ಹಂಪುಗಳ ಮೇಲೆ ದಿನದಿನವೂ ಬೆಳೆಯುತ್ತದೆ.

ಮುರಿದ ಮೇಲಿನ ಉಪಚಾರವೂ ಸಮಾಧಾನ ತರುವಂಥದ್ದಲ್ಲ. ಫೆವಿಕ್ವಿಕ್ ಹಾಕಿದ ಲಾಕ್ ಗಡುಸಾಗಿ, ಅಲುಗಾಟಕ್ಕೆ ಮತ್ತೆ ಬಿಟ್ಟುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಆದರಂತೂ ಮಾಮೂಲಿ ಅಂಟು ಹಿಡಿಯುವುದೇ ಇಲ್ಲ. ಕೊನೆಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಕಳಿಸುತ್ತಾರೆ. ಎಬಿಎಸ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಆ ಲೇಹದಿಂದ ಬೆಸೆದರೆ, ಅಥವಾ ಸಣ್ಣ ಸ್ಟೀಲ್ ಜಾಲರಿಯನ್ನು ಕಾಯಿಸಿ ಒಳಕ್ಕೆ ಕೂರಿಸಿದರೆ ಲಾಕ್ ಮತ್ತೆ ವರ್ಷಗಟ್ಟಲೆ ಬಾಳಬಲ್ಲದು. ಬಿರುಕಿನ ತುದಿಗೊಂದು ಚಿಕ್ಕ ತೂತು ಕೊರೆದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಇದೆಲ್ಲ ಬಲ್ಲವರು ನಗರದಲ್ಲಿದ್ದಾರೆ. ಹೆಚ್ಚಿನ ಗ್ಯಾರೇಜುಗಳು ಮಾತ್ರ ಗಿರಾಕಿಯನ್ನು ಜೆ.ಸಿ. ರಸ್ತೆಗೆ ಹೋಗಿ ಹೊಸ ಪ್ಯಾನಲ್ ತನ್ನಿ ಎಂದು ಅಟ್ಟುತ್ತವೆ.

ಇಷ್ಟಾದರೂ ತಪ್ಪನ್ನೆಲ್ಲ ಈ ಗ್ಯಾರೇಜುಗಳ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಕ್ರಮ, ಲಾಕಿನ ದಿಕ್ಕು, ಬಚ್ಚಿಟ್ಟುಕೊಂಡ ಸ್ಕ್ರೂ, ಎಲ್ಲವೂ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಚಿತ್ರ ಸಮೇತ ಇರುತ್ತದೆ. ಅದು ಡೀಲರಿಗೆ ಹೋಗುತ್ತದೆಯೇ ಹೊರತು ಬೀದಿಯ ಮೆಕ್ಯಾನಿಕರ ಕೈಗೆ ಬರುವುದಿಲ್ಲ. ಗಾಡಿಯ ಜೊತೆ ಮಾಲೀಕರಿಗೆ ಸಿಗುವ ಪುಸ್ತಕ ಬ್ಯಾಟರಿ, ಫ್ಯೂಸುಗಳ ಆಚೆ ಹೆಚ್ಚು ದೂರ ಹೋಗುವುದಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ, ದುರಸ್ತಿಯ ಮಾಹಿತಿ ಕಂಪನಿಯ ಹೊರಗೂ ಸಿಗಬೇಕೆಂಬ ‘ದುರಸ್ತಿ ಹಕ್ಕಿ’ಗಾಗಿ ಸಮಿತಿ ರಚಿಸಿ, ಅದರ ವ್ಯಾಪ್ತಿಗೆ ವಾಹನಗಳನ್ನೂ ಸೇರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ಕೂಡ ಬಂತು. ಆದರೂ ಆರ್15 ಆಗಲಿ ಆರ್‌ಆರ್ 310 ಆಗಲಿ, ಫೇರಿಂಗ್ ಬಿಚ್ಚುವ ಚಿತ್ರವೊಂದು ಈ ಶಟರುಗಳೊಳಗಿನ ಗೋಡೆಯಲ್ಲಿ ಅಂಟಿಸಿದ್ದನ್ನು ನಾನು ಕಂಡಿಲ್ಲ.

ಕೂಲಿಯ ವಿಷಯದಲ್ಲಿ ನಾವು ಗಿರಾಕಿಗಳೂ ಹೊಣೆ. ಏರ್ ಫಿಲ್ಟರ್ ಬದಲಿಸಿದ್ದಕ್ಕೆ ದುಡ್ಡು ಕೊಡುತ್ತೇವೆ. ಅದನ್ನು ತಲುಪಲು ಪ್ಯಾನಲ್ ಬಿಚ್ಚಿ ಹಾಕಿದ ಮುಕ್ಕಾಲು ಗಂಟೆಗೆ ಬಿಲ್ಲಿನಲ್ಲಿ ಸಾಲೇ ಇರುವುದಿಲ್ಲ. ಹಾಗಿರುವಾಗ ಯಾರು ತಾನೇ ನಿಧಾನವಾಗಿ ಲಾಕ್ ಹುಡುಕುತ್ತ ಕೂತಾರು? ಫೇರಿಂಗಿಗೆ ಬೇರೆ ಕೂಲಿ ಬರೆಯಲಿ, ನಾವದನ್ನು ಚೌಕಾಸಿ ಮಾಡದೆ ಕೊಡೋಣ. ಬಿಚ್ಚುವ ಮುಂಚೆ ಮುರಿದಿರುವ ಲಾಕುಗಳನ್ನು ಇಬ್ಬರೂ ಕೂಡಿ ನೋಡಿ ಜಾಬ್ ಕಾರ್ಡಿನಲ್ಲಿ ಗುರುತು ಹಾಕಿಕೊಳ್ಳೋಣ, ಗಾಡಿ ಮರಳಿ ಪಡೆಯುವಾಗ ಅದೇ ಪಟ್ಟಿ ಹಿಡಿದು ಮತ್ತೊಮ್ಮೆ ನೋಡೋಣ.