ಬಾಗುವ ಕೋಲಿನ ಪರವಾಗಿ

ಮೂರು ಕೋಲುಗಳನ್ನು ಹೆಸರಿಸುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಮನೆಯಲ್ಲಿರುವ ಹನ್ನೊಂದು ಫ್ಲೈ ರಾಡ್‌ಗಳಲ್ಲಿ ಎಂಟನ್ನು ಯಾರಿಗಾದರೂ ಕೊಟ್ಟುಬಿಡಬೇಕಾಗಿ ಬಂದರೆ ಯಾವ ಮೂರನ್ನು ಉಳಿಸಿಕೊಳ್ಳುತ್ತೀರಿ ಎಂದು ಧಾರವಾಡದ ಓದುಗರೊಬ್ಬರು ಕೇಳಿದ್ದರು. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಟ್ರೌಟ್ ಋತು ಶುರುವಾಗುವುದು ಏಪ್ರಿಲ್ ತಿಂಗಳ ಮೊದಲ ಶನಿವಾರ. ಅದಕ್ಕೆ ಮೊದಲು, ಹಿಮ ಕರಗುವ ದಿನಗಳಲ್ಲಿ, ಕೋಲುಗಳನ್ನೆಲ್ಲ ಕೊಳವೆಗಳಿಂದ ತೆಗೆದು ಒರೆಸಿ ಊಟದ ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ನನ್ನ ಪಾಲಿಗೆ ಅದೇ ಆಯುಧಪೂಜೆ. ಈ ಭಾನುವಾರ ಆ ಕೆಲಸ ಮಾಡುತ್ತಲೇ ಆರಿಸಿದೆ.

ಮೊದಲನೆಯದು ಏಳಡಿಯ ಫೈಬರ್‌ಗ್ಲಾಸ್ ಕೋಲು, ನಾಲ್ಕನೇ ನಂಬರಿನ ಲೈನಿನದು. ಇದು ಬೆಟ್ಟದ ತೊರೆಗಳಿಗೆ. ಅಲ್ಲಿ ಹೆಮ್ಲಾಕ್ ಮರಗಳೂ ರೋಡೊಡೆಂಡ್ರಾನ್ ಪೊದೆಗಳೂ ಎರಡೂ ದಡಗಳಿಂದ ಬಾಗಿ ನೀರಿನ ಮೇಲೆ ಚಪ್ಪರ ಹಾಕಿರುತ್ತವೆ. ಕೋಲನ್ನು ಹಿಂದಕ್ಕೆ ಬೀಸಲು ಜಾಗವೇ ಇರುವುದಿಲ್ಲ. ಫ್ಲೈಯನ್ನು, ಅಂದರೆ ಹುಳುವಿನಂತೆ ಕಟ್ಟಿದ ಗಾಳವನ್ನು, ಎಡಗೈ ಬೆರಳಲ್ಲಿ ಹಿಡಿದು, ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟುಬಿಡಬೇಕು. ಈ ಬಿಲ್ಲೆಸೆತವನ್ನು ಇಲ್ಲಿಯವರೇ ಆದ ಜೋ ಹಂಫ್ರಿಸ್ ತಲೆಮಾರುಗಳಿಗೆ ಕಲಿಸಿದ್ದಾರೆ. ಅದಕ್ಕೆ ಹಿಡಿಯವರೆಗೂ ಬಾಗುವ ಕೋಲೇ ಬೇಕು. ಬಾಗದ ಕೋಲಿನಲ್ಲಿ ಆ ಎಸೆತ ಕೆಲಸಕ್ಕೆ ಬಾರದು.

ಎರಡನೆಯದು ಬಿದಿರು. ಏಳೂವರೆ ಅಡಿ, ಎರಡು ತುಂಡು, ಜೊತೆಗೆ ಒಂದು ಹೆಚ್ಚುವರಿ ತುದಿ, ಐದನೇ ನಂಬರು. ತುಂಡುಗಳು ಸೇರುವ ಕಡೆ ನಿಕ್ಕಲ್ ಸಿಲ್ವರಿನ ಬಳೆಗಳು, ಅಂದರೆ ಫೆರೂಲ್. ಮೆತ್ತಗಿನ ಬಟ್ಟೆಯಿಂದ ಗಂಡು ಫೆರೂಲನ್ನು ಒರೆಸಿ, ಮೂಗಿನ ಪಕ್ಕಕ್ಕೆ ಒಮ್ಮೆ ಸವರಿದರೆ ಸಾಕು. ಚರ್ಮದ ಎಣ್ಣೆಯೇ ಬೇಕಾದಷ್ಟು ಜಿಡ್ಡು ಕೊಡುತ್ತದೆ. ಸೇರಿಸುವಾಗಲೂ ಕಳಚುವಾಗಲೂ ನೆಟ್ಟಗೆ ಎಳೆಯಬೇಕು, ತಿರುಚಬಾರದು. ಸರಿಯಾಗಿ ಕೂತ ಫೆರೂಲು ಕಳಚುವಾಗ ಸೀಸೆಯ ಬಿರಡೆ ಕಿತ್ತಂತೆ ಪುಟ್ಟ ಸದ್ದು ಮಾಡುತ್ತದೆ. ಇಷ್ಟು ವರ್ಷವಾದರೂ ಆ ಸದ್ದು ಕೇಳಿದಾಗ ಮೈ ಸಣ್ಣಗೆ ಜುಮ್ಮೆನ್ನುತ್ತದೆ.

ಮೂರನೆಯದು ಒಂಬತ್ತಡಿಯ ಗ್ರಾಫೈಟ್, ಐದನೇ ನಂಬರು, 1980ರ ದಶಕದ್ದು. ಮೇ ಕೊನೆಯ ಸಂಜೆಗಳಲ್ಲಿ ಪೆನ್ಸ್ ಕ್ರೀಕ್ ಮೇಲೆ ಗ್ರೀನ್ ಡ್ರೇಕ್ ಹುಳುಗಳು ಏಳುವಾಗ ಅಗಲವಾದ ನೀರಿಗೆ ಇದರ ಉದ್ದ ಬೇಕು. ಗ್ರಾಫೈಟ್ ಇನ್ನೂ ಬಿರುಸಾಗುವ ಹಟ ಹಿಡಿಯುವ ಮೊದಲಿನ ಕೋಲು ಇದು.

ಆ ಹಟದ ಬಗ್ಗೆ ಇವತ್ತು ಸ್ಪಷ್ಟವಾಗಿ ಬರೆಯಬೇಕು. ಮೇಜಿನ ಮೇಲೆ ನಾಲ್ಕನೆಯದೊಂದು ಇತ್ತು. ಹನ್ನೊಂದರಲ್ಲಿ ಅದಕ್ಕೇ ಹೆಚ್ಚು ಬೆಲೆ ಕೊಟ್ಟಿದ್ದೆ. ‘ಫಾಸ್ಟ್ ಆಕ್ಷನ್’ ಎಂದು ಹೆಸರಾದ ಬಿರುಸು ಕೋಲು. ಅದನ್ನು ಕೊಂಡ ಅಂಗಡಿಯವರು ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಎಂಭತ್ತು ಅಡಿ ಲೈನನ್ನು ಗೆರೆ ಎಳೆದಂತೆ ಎಸೆದು ತೋರಿಸಿದರು. ನಾನೂ ಎಸೆದೆ, ಹಣ ಕೊಟ್ಟೆ, ಮನೆಗೆ ತಂದೆ. ಜೂನ್ ತಿಂಗಳ ಒಂದು ಸಂಜೆ ಸ್ಪ್ರಿಂಗ್ ಕ್ರೀಕ್‌ನಲ್ಲಿ, ದಡದಿಂದ ಇಪ್ಪತ್ತೈದು ಅಡಿಯಲ್ಲಿ, ಒಂದು ಕಂದು ಟ್ರೌಟ್ ಹಳದಿ ಸಲ್ಫರ್ ಹುಳುಗಳನ್ನು ಒಂದೊಂದಾಗಿ ಹೀರುತ್ತಿತ್ತು. ನನ್ನ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತುದಿಯ ಸಪೂರ ಎಳೆ, 6ಎಕ್ಸ್. ಹನ್ನೊಂದರಿಂದ ಆ ನಂಬರು ಕಳೆದರೆ ಎಳೆಯ ದಪ್ಪ ಸಿಗುತ್ತದೆ, ಅಂದರೆ ಒಂದು ಇಂಚಿನ ಸಾವಿರ ಭಾಗಗಳಲ್ಲಿ ಐದು. ಮೀನು ಫ್ಲೈಯನ್ನು ಹಿಡಿಯಿತು, ನಾನು ಕೋಲೆತ್ತಿದೆ, ಎಳೆ ಪಟ್ಟೆಂದು ಹರಿಯಿತು. ಎರಡನೇ ಮೀನಿನದೂ ಹಾಗೇ ಆಯಿತು. ಬಾಗಿ ಆ ಜಗ್ಗನ್ನು ಮೈಮೇಲೆ ತೆಗೆದುಕೊಳ್ಳಬೇಕಾದ ಕೋಲು ನೆಟ್ಟಗೆ ನಿಂತಿತ್ತು.

ಲೆಕ್ಕ ಸರಳ. ಲೈನಿನ ಮೊದಲ ಮೂವತ್ತು ಅಡಿಯ ತೂಕದ ಮೇಲೆ ಅದರ ನಂಬರು ನಿಂತಿದೆ. ಐದನೇ ನಂಬರಿಗೆ 140 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು ಅರ್ಧ ಗುಲಗಂಜಿ. ಒಟ್ಟು ಒಂಬತ್ತು ಗ್ರಾಂ ಆಗುತ್ತದೆ. ಆದರೆ ತೊರೆಯಲ್ಲಿ ಮೀನಿಗೆ ಎಸೆಯುವಾಗ ಕೋಲಿನ ತುದಿಯಿಂದ ಹೊರಗಿರುವುದು ಬಹಳ ಸಲ ಇಪ್ಪತ್ತೇ ಅಡಿ. ಲೈನಿನ ಮುಂಭಾಗ ಸಪೂರವಾಗುತ್ತ ಹೋಗುವುದರಿಂದ ಅದರ ತೂಕ ಆರು ಗ್ರಾಮನ್ನೂ ಮುಟ್ಟುವುದಿಲ್ಲ. ಕೋಲು ಬಾಗಬೇಕಾದದ್ದು ಆ ಐದಾರು ಗ್ರಾಂಗೆ. ಎಂಭತ್ತು ಅಡಿಯ ಹೊರೆಗೆಂದು ಕಟ್ಟಿದ ಕೋಲಿಗೆ ಅದು ಗೊತ್ತೇ ಆಗುವುದಿಲ್ಲ. ಆಗ ಎಸೆಯುವವನು ಬಾಗದ ಕೋಲಿನ ಕೊರತೆಯನ್ನು ತೋಳಿನ ಬಲದಿಂದ ತುಂಬಲು ಹೋಗುತ್ತಾನೆ. ಫ್ಲೈ ನೀರಿಗೆ ಕಲ್ಲಿನಂತೆ ಬೀಳುತ್ತದೆ, ಮೀನು ಓಡಿಹೋಗುತ್ತದೆ.

ಇದು ನನ್ನೊಬ್ಬನ ದೂರಲ್ಲ ಎನ್ನುವುದಕ್ಕೆ ಲೈನ್ ತಯಾರಕರೇ ಸಾಕ್ಷಿ. ಕೋಲುಗಳು ಬಿರುಸಾದಂತೆಲ್ಲ ಅವರು ಲೈನುಗಳನ್ನು ಭಾರ ಮಾಡುತ್ತ ಬಂದರು. ಡಬ್ಬದ ಮೇಲೆ ಐದು ಎಂದು ಬರೆದು ಒಳಗೆ ಅರ್ಧ ನಂಬರೋ ಒಂದು ನಂಬರೋ ಹೆಚ್ಚು ತೂಕದ ಲೈನು ಮಾರುವುದು ಈಗ ರೂಢಿ. ಐದನೇ ನಂಬರಿನ ಕೋಲು ಆರನೇ ನಂಬರಿನ ಲೈನಿಗೆ ಬಾಗುತ್ತದೆ ಎಂದರೆ ಅದು ಆರನೇ ನಂಬರಿನ ಕೋಲು. ಹಾಗೆಂದು ಅಚ್ಚು ಹಾಕಿ ಮಾರುವುದು ಪ್ರಾಮಾಣಿಕತೆ.

ಬಿದಿರಿನ ಕೋಲನ್ನು ಒರೆಸುತ್ತಿದ್ದೆ ಎಂದೆನಲ್ಲ. ಆರಿಸಿದ ಮೂರರ ಬಗ್ಗೆ ಇನ್ನೂ ಬರೆಯುವುದಿತ್ತು, ಆದರೆ ಮನಸ್ಸು ಆ ಬಿದಿರಿನ ಗೆಣ್ಣಿನ ಮೇಲೇ ನಿಂತುಬಿಟ್ಟಿದೆ. ಇಂಥ ಕೋಲಿನ ಕಥೆ ಈ ರಾಜ್ಯದ ಪೂರ್ವದಂಚಿನ ಈಸ್ಟನ್ ಎಂಬ ಊರಿನಲ್ಲಿ ಒಂದು ತಿರುವು ತೆಗೆದುಕೊಂಡಿತು. ಸ್ಯಾಮ್ಯುಯೆಲ್ ಫಿಲಿಪ್ ಎಂಬ ಕೋವಿ ಕೆಲಸದವರು ಅಲ್ಲಿದ್ದರು. ಪಿಟೀಲುಗಳನ್ನೂ ಮಾಡುತ್ತಿದ್ದರು. 1840ರ ದಶಕದಲ್ಲಿ ಅವರು ಬಿದಿರನ್ನು ದಬ್ಬೆಗಳಾಗಿ ಸೀಳಿ, ಅಂಟು ಹಾಕಿ ಜೋಡಿಸಿ ಗಾಳದ ಕೋಲಿನ ತುದಿಗಳನ್ನು ಮಾಡಿದರು. ಮುಂದೆ ಮೇನ್ ರಾಜ್ಯದ ಬ್ಯಾಂಗರ್‌ನಲ್ಲಿ ಹೈರಮ್ ಲೆನರ್ಡ್ ಆರು ದಬ್ಬೆಯ ಕೋಲಿಗೆ ಯಂತ್ರವನ್ನೇ ಮಾಡಿ ಅದನ್ನು ಕಸುಬಾಗಿ ಬೆಳೆಸಿದರು.

ಆ ಬಿದಿರು ಹೋದದ್ದು ಎಲ್ಲಿಂದ? ಭಾರತದಿಂದ. ಹಡಗು ಹತ್ತಿದ ಬಂದರಿನ ಹೆಸರೇ ಅದಕ್ಕೆ ಅಂಟಿಕೊಂಡು ‘ಕಲ್ಕತ್ತಾ ಕೇನ್’ ಎಂದಾಯಿತು. ಹಳೆಯ ಕೋಲುಗಳಲ್ಲಿ ಬೆಂಕಿ ಸೋಕಿದ ಕಂದು ಕಲೆಗಳು ಕಾಣುತ್ತವೆ, ಅದೇ ಅದರ ಗುರುತು. ತಿಳಿದವರು ಅದನ್ನು ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್ ಎಂದು ಗುರುತಿಸುತ್ತಾರೆ. ಅಂದರೆ ನಮ್ಮ ಗಂಡುಬಿದಿರು. ಮಲೆನಾಡಿನ ಅಂಚಿನ ಒಣಕಾಡುಗಳಲ್ಲಿ ಮೆಳೆಮೆಳೆಯಾಗಿ ನಿಲ್ಲುವ, ಒಳಗೆ ಪೊಳ್ಳು ಕಡಿಮೆ ಇರುವ, ಲಾಠಿಗೆ ಕಡಿಯುವ ಬಿದಿರು. ಅಮೆರಿಕದ ಟ್ರೌಟ್ ತೊರೆಗಳಲ್ಲಿ ನಾಜೂಕಿನ ಎಸೆತ ಕಲಿಸಿದ ಮೊದಲ ಸೀಳುಬಿದಿರು ಇದೇ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅದರ ಜಾಗಕ್ಕೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಟಾಂಕಿನ್ ಬಿದಿರು ಬಂತು. ಅದು ನೆಟ್ಟಗೆ ಬೆಳೆಯುತ್ತದೆ, ಗೆಣ್ಣು ಉಬ್ಬಿರುವುದಿಲ್ಲ, ಸಿಪ್ಪೆಯ ಕೆಳಗಿನ ನಾರು ಒತ್ತಾಗಿರುತ್ತದೆ. ನನ್ನ ಕೋಲೂ ಟಾಂಕಿನ್‌ನದೇ. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರ ನಿಲ್ಲಿಸಿದಾಗ ಬಿದಿರು ಬರುವುದು ನಿಂತಿತು, ಫೈಬರ್‌ಗ್ಲಾಸ್ ಅಂಗಡಿಗಳನ್ನು ತುಂಬಿತು. 1970ರ ದಶಕದಲ್ಲಿ ಗ್ರಾಫೈಟ್ ಬಂತು. ಬಿದಿರು ಹಿಂದೆ ಸರಿದದ್ದರಲ್ಲಿ ಗುಣದಷ್ಟೇ ರಾಜಕೀಯದ ಪಾಲೂ ಇತ್ತು ಎಂಬುದನ್ನು ಹೊಸಬರು ಮರೆಯಬಾರದು.

ಬಿದಿರಿಗೂ ಮೊದಲಿನ ಕೋಲು ಹೇಗಿತ್ತು ಎಂದು ತಿಳಿಯಲು ನಾನು ಮತ್ತೆ ಮತ್ತೆ ಹೋಗುವುದು 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಗ್ರಂಥಕ್ಕೆ. ಡೇಮ್ ಜೂಲಿಯಾನಾ ಬರ್ನರ್ಸ್ ಬರೆದದ್ದು ಎಂಬ ರೂಢಿಯ ಮಾತಿದೆ. ಹನ್ನೆರಡು ಫ್ಲೈಗಳ ಪಟ್ಟಿಗಿಂತ ಅದರ ಕೋಲು ಮಾಡುವ ಪುಟಗಳೇ ನನಗೆ ಪ್ರಿಯ. ಅದು ಹೇಳುವ ವಿಧಾನ ಹೀಗೆ. ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ ಆರಂಭದೊಳಗೆ ಹೇಜಲ್ ಅಥವಾ ವಿಲ್ಲೋದ ಒಂದೂವರೆ ಮಾರುದ್ದದ, ತೋಳು ಗಾತ್ರದ ಕೋಲು ಕಡಿಯಬೇಕು. ಬಿಸಿ ಒಲೆಯಲ್ಲಿಟ್ಟು ನೆಟ್ಟಗೆ ಮಾಡಿ ಒಂದು ತಿಂಗಳು ಒಣಗಿಸಬೇಕು. ಆಮೇಲೆ ಚೌಕದ ತೊಲೆಗೆ ಬಿಗಿದು ಕಟ್ಟಿ, ಕಾದ ಕಬ್ಬಿಣದ ಸರಳಿನಿಂದ ತಿರುಳನ್ನು ಸುಡುತ್ತ ಒಳಗೆ ಪೊಳ್ಳು ಕೊರೆಯಬೇಕು. ಎರಡು ದಿನ ತಣಿಯಲು ಬಿಟ್ಟು, ಪೂರ್ತಿ ಒಣಗುವವರೆಗೆ ಮಾಡಿನ ಹೊಗೆಯಲ್ಲಿ ಇಡಬೇಕು. ಅದೇ ಕಾಲದಲ್ಲಿ ಕಡಿದ ಒಂದು ಗಜದ ಹಸಿ ಹೇಜಲ್ ಕಡ್ಡಿಯ ತುದಿಗೆ ಬ್ಲ್ಯಾಕ್‌ಥಾರ್ನ್ ಅಥವಾ ಜೂನಿಪರ್ ಚಿಗುರುಕಡ್ಡಿ ಕಟ್ಟಿದರೆ ಮೇಲಿನ ತುಂಡು ಆಯಿತು. ಅದನ್ನು ಪೊಳ್ಳಿನೊಳಗೆ ತೂರಿಸಿ ನಡೆದರೆ ಕೈಯಲ್ಲಿರುವುದು ಊರುಗೋಲಿನಂತೆ ಕಾಣುತ್ತದೆ, ಎಲ್ಲಿಗೆ ಹೊರಟಿರಿ ಎಂದು ಯಾರಿಗೂ ತಿಳಿಯುವುದಿಲ್ಲ.

ಅಟ್ಟದ ಹೊಗೆಯಲ್ಲಿ ಬಿದಿರನ್ನೂ ಬಿತ್ತನೆ ಬೀಜವನ್ನೂ ಕಾಪಾಡಿದ ಮನೆಗಳಿಂದ ಬಂದವರಿಗೆ ಈ ವಿಧಾನ ವಿವರಿಸಬೇಕಾಗಿಲ್ಲ. ನನಗೆ ಅದರಲ್ಲಿ ಹಿಡಿಸುವುದು ಕೊನೆಯ ಕಡ್ಡಿ. ತೋಳು ಗಾತ್ರದ ಕೋಲನ್ನು ಇಷ್ಟು ಕಷ್ಟಪಟ್ಟು ಕೊರೆದವರು ತುದಿಗೆ ಹುಡುಕಿದ್ದು ಬಾಗುವ ಚಿಗುರುಕಡ್ಡಿಯನ್ನು. ಕುದುರೆ ಬಾಲದ ಕೂದಲಿನ ದಾರ ಮೀನಿನ ಜಗ್ಗಿಗೆ ಹರಿಯದಿರಬೇಕಾದರೆ ತುದಿ ಬಾಗಲೇಬೇಕಿತ್ತು. ಸ್ಪ್ರಿಂಗ್ ಕ್ರೀಕ್‌ನಲ್ಲಿ ನಾನು ಎರಡು ಮೀನು ಕಳೆದುಕೊಂಡು ಕಲಿತ ಪಾಠ ಐನೂರು ವರ್ಷಗಳ ಹಿಂದೆಯೇ ಅಚ್ಚಿನಲ್ಲಿತ್ತು.

ಬಿದಿರಿನ ಕೋಲು ಮಾಡುವವರ ಕೆಲಸವೆಲ್ಲ ಆ ಬಾಗನ್ನು ಅಳತೆಗೆ ತರುವುದೇ. ದಬ್ಬೆಯನ್ನು ಉಕ್ಕಿನ ಅಚ್ಚಿನ ಸಂದಿನಲ್ಲಿ ಇಟ್ಟು, ಅರವತ್ತು ಡಿಗ್ರಿಯ ಮೂರು ಮೂಲೆ ಬರುವಂತೆ ಹತ್ತರಿ ಹಿಡಿಯಬೇಕು. ಸಿಪ್ಪೆಯ ಬದಿಯನ್ನು ಮುಟ್ಟಬಾರದು. ಬಲವಿರುವ ನಾರೆಲ್ಲ ಅಲ್ಲೇ ಇದೆ. ಆರೂ ದಬ್ಬೆಗಳ ಗೆಣ್ಣುಗಳು ಒಂದೇ ಕಡೆ ಬರದಂತೆ ಜಾರಿಸಿ ಜೋಡಿಸಬೇಕು. ಕಸುಬಿನಲ್ಲಿ ಎಂಜಿನಿಯರ್ ಆಗಿದ್ದ ಎವರೆಟ್ ಗ್ಯಾರಿಸನ್ ಇಂಚಿನ ಸಾವಿರದ ಒಂದು ಭಾಗದ ಅಳತೆಯಲ್ಲಿ ಈ ಕೆಲಸ ಮಾಡಿದರು. ತಲೆಗೂದಲು ಅದಕ್ಕಿಂತ ದಪ್ಪ. ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, 1977ರಲ್ಲಿ, ಅವರ ವಿಧಾನವೆಲ್ಲ ಪುಸ್ತಕವಾಗಿ ಬಂತು. ಇವತ್ತು ಮನೆಯ ಗ್ಯಾರೇಜಿನಲ್ಲಿ ಬಿದಿರು ಸೀಳುವ ಬಹಳಷ್ಟು ಜನ ಆ ಪುಸ್ತಕದ ಶಿಷ್ಯರು.

ಧಾರವಾಡದ ಓದುಗರಿಗೆ ಉತ್ತರ ಸಿಕ್ಕಿತು ಎಂದುಕೊಳ್ಳುತ್ತೇನೆ. ಮೂರರಲ್ಲೂ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಬಿದಿರು. ಹೊಸ ಕೋಲು ಕೊಳ್ಳುವವರಿಗೆ ಒಂದು ಮಾತು. ಅಂಗಡಿಯವರು ಎಷ್ಟು ದೂರ ಎಸೆದರು ಎಂದು ನೋಡಬೇಡಿ. ನಿಮ್ಮದೇ ಲೈನನ್ನು ಇಪ್ಪತ್ತು ಅಡಿ ಹೊರಬಿಟ್ಟು, ತುದಿಗೆ ಉಣ್ಣೆಯ ಚೂರು ಕಟ್ಟಿ, ಹುಲ್ಲಿನ ಮೇಲೆ ಮೆಲ್ಲಗೆ ಎಸೆಯಿರಿ. ಕೋಲು ಬಾಗಿದ್ದು ಅಂಗೈಗೆ ತಿಳಿದರೆ ಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಇನ್ನೊಂದು ಕೋರಿಕೆ. ನಮ್ಮಲ್ಲಿ ಮೊರ, ಬುಟ್ಟಿಗೆ ಬಿದಿರು ಸೀಳುವ ಮೇದಾರರ ಕೈಗೆ ಗೆಣ್ಣು, ಸಿಪ್ಪೆ, ನಾರು ಇವೆಲ್ಲ ಹುಟ್ಟಿನಿಂದ ಗೊತ್ತು. ಗಂಡುಬಿದಿರನ್ನು ಆರು ದಬ್ಬೆಯಾಗಿ ಸೀಳಿ ಗಾಳದ ಕೋಲು ಕಟ್ಟಿದವರು, ಕಟ್ಟಲು ಮನಸ್ಸಿರುವವರು ಕರ್ನಾಟಕದಲ್ಲಿ ಯಾರಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮೊದಲ ಕೋಲಿನ ಪೂರ್ತಿ ಬೆಲೆ ನಾನು ಕೊಡುತ್ತೇನೆ. ಮೇಜಿನ ಮೇಲೆ ನಾಲ್ಕನೆಯ ಜಾಗ ಖಾಲಿ ಇದೆ.