ಕೆಲಸ ಬಿಟ್ಟವರ ಕಥೆ

ನಮ್ಮ ಆಫೀಸಿನಲ್ಲಿ ವರ್ಷಕ್ಕೊಬ್ಬರಾದ್ರೂ ಗಿಟಾರ್ ನೆಚ್ಚಿಕೊಂಡು ರಾಜೀನಾಮೆ ಕೊಡ್ತಾರೆ. ಕೇಕ್ ಕತ್ತರಿಸಿ, 'ಒಳ್ಳೇದಾಗ್ಲಿ ಮಗಾ' ಅಂತ ಬೆನ್ನು ತಟ್ಟಿ ಕಳಿಸ್ತೀವಿ. ಆಮೇಲೆ ಅವರ ಪಾಡೇನಾಯ್ತು ಅಂತ ಯಾರೂ ವಿಚಾರಿಸಲ್ಲ. ಗೆದ್ದವರ ಸಂದರ್ಶನ ಮಾತ್ರ ನಮ್ಮ ಫೋನಿಗೆ ಬಂದು ಬೀಳುತ್ತೆ. ಅದರಲ್ಲಿ ಯಾವಾಗ್ಲೂ ಒಂದೇ ಕಥೆ: ಒಳ್ಳೆ ಸಂಬಳ ಇತ್ತು, ಉಸಿರು ಕಟ್ಟುತ್ತಿತ್ತು, ಬಿಟ್ಟೆ, ಹಾಡಿದೆ, ಗೆದ್ದೆ. ಈ ಕಥೆಯ ಮೇಲೆ ನನಗೊಂದು ತಕರಾರಿದೆ.

ಮೊದಲನೆಯದಾಗಿ, ನಮ್ಮ ಸುಗಮ ಸಂಗೀತದ ಚರಿತ್ರೆಯೇ ಇದನ್ನು ಒಪ್ಪೋದಿಲ್ಲ. ಸಿ. ಅಶ್ವಥ್ ಕೆಲಸ ಮಾಡಿದ್ದು ಟೆಲಿಫೋನ್ ತಯಾರಿಸುವ ಐಟಿಐನಲ್ಲಿ. 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ಅಂದ್ರೆ 'ಕಾಕನಕೋಟೆ'ಗೆ ಸಂಗೀತ ಕೊಟ್ಟಾಗ್ಲೂ, 1990ರ 'ಸಂತ ಶಿಶುನಾಳ ಷರೀಫ' ಚಿತ್ರಕ್ಕೆ ಸಂಗೀತ ಕೊಟ್ಟಾಗ್ಲೂ ತಿಂಗಳ ಸಂಬಳ ಬರ್ತಾನೇ ಇತ್ತು. 'ಕಾಡು ಕುದುರೆ'ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಲ್ಲಿ ವಕೀಲರು. ಷರೀಫರ ಪದಗಳನ್ನು ಅಶ್ವಥ್ ಹಾಡಿರೋ ರೀತಿ ಕೇಳಿ. ಯಾರನ್ನೂ ಓಲೈಸುವ ಅವಸರ ಅಲ್ಲಿಲ್ಲ. ದನಿ ಒರಟಾದ್ರೆ ಒರಟಾಗ್ಲಿ ಅನ್ನೋ ಹಟ ಇದೆ. ಆ ಹಟಕ್ಕೆ ಸಂಬಳದ ಬೆಂಬಲವೂ ಇತ್ತು ಅಂತ ನನ್ನ ಅನಿಸಿಕೆ. ಬಾಡಿಗೆ ಕಟ್ಟೋಕೆ ಹಾಡಲೇಬೇಕಾದವನು ಬೇಡ ಅನ್ನೋದು ಕಷ್ಟ.

'ಹಾಗಾದ್ರೆ ಸಾಧನೆಗೆ ಟೈಮ್ ಎಲ್ಲಿದೆ?' ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದು ಮನೆ ಸೇರಿದವನಿಗೆ ತಂಬೂರಿ ಶ್ರುತಿ ಮಾಡೋ ತ್ರಾಣ ಇರಲ್ಲ. ಕೆಲಸ ಬಿಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಬಿಟ್ಟ ಮಾರನೇ ದಿನ ಎದುರಾಗುವ ಕಾಗದಪತ್ರದ ಬಗ್ಗೆ ಈ ಕಥೆ ಬಾಯೇ ಬಿಡೋದಿಲ್ಲ. ನನ್ನ ಎರಡನೇ ತಕರಾರು ಅದು.

ಯಾಕಂದ್ರೆ ಆ ಕಥೆ ನಂಬಿ ನಾನೂ ಒಂದು ಸಹಿ ಹಾಕಿದವನೇ. ನಾನೇ ಬರೆದು, ನಾನೇ ರಾಗ ಹಾಕಿದ ಹಾಡು. ಒಂದು ಸಂಗೀತ ಕಂಪನಿ ಇಪ್ಪತ್ತು ಸಾವಿರ ಕೊಡ್ತೀನಿ ಅಂದಾಗ ಕೈಕಾಲು ಆಡಲಿಲ್ಲ. ಮೂರು ಪುಟದ ಅಗ್ರಿಮೆಂಟಿನಲ್ಲಿ ಮೊತ್ತ ಒಂದನ್ನೇ ಓದಿದೆ. 'ಶಾಶ್ವತವಾಗಿ, ಜಗತ್ತಿನಾದ್ಯಂತ' ಅನ್ನೋ ಸಾಲು ಕಣ್ಣಿಗೆ ಬಿದ್ದದ್ದು ಎಷ್ಟೋ ದಿನಗಳ ಮೇಲೆ, ಅಮ್ಮನ ಅರವತ್ತರ ಸಮಾರಂಭದಲ್ಲಿ ಹಾಡಿದ ವಿಡಿಯೋ ಹಾಕಿ, ನನ್ನ ಹಾಡಿನ ಮೇಲೆ ನನಗೇ ಕಾಪಿರೈಟ್ ಆಕ್ಷೇಪ ಬಂದಾಗ. ಅಮ್ಮ ಕೇಳಿದ್ರು: 'ನೀನೇ ಬರ್ದಿದ್ದಲ್ವೇನೋ ಅದು?'

ಆಮೇಲೆ ಕೂತು ಓದಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿದೆ. ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು ಹಕ್ಕನ್ನು ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಕೊಡೋದಾದ್ರೆ ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ. ಥಿಯೇಟರಿನಲ್ಲಿ ಸಿನಿಮಾ ಜೊತೆ ಬರುವ ಹಾಡಿಗೆ ಈ ರಕ್ಷಣೆ ಇಲ್ಲ. ಅಗ್ರಿಮೆಂಟಿನಲ್ಲಿ ಅವಧಿ ನಮೂದಿಸದಿದ್ರೆ ಐದು ವರ್ಷ, ಪ್ರದೇಶ ನಮೂದಿಸದಿದ್ರೆ ಭಾರತ ಅಷ್ಟೇ ಅಂತ ಲೆಕ್ಕ. ರಾಯಲ್ಟಿ ವಸೂಲಿಗೆ 1969ರಿಂದ ಐಪಿಆರ್‌ಎಸ್ ಇದೆ, ಆದ್ರೆ ಸದಸ್ಯರಾಗಿ ಹಾಡನ್ನು ನಾವೇ ನೋಂದಾಯಿಸಬೇಕು. ಇದನ್ನು ಯಾವ ಸಂದರ್ಶನದಲ್ಲೂ ನಾನು ಕೇಳಿರಲಿಲ್ಲ.

'ಕಂಪನಿಯೇ ಬೇಡ, ನಾನೇ ಅಪ್‌ಲೋಡ್ ಮಾಡ್ತೀನಿ' ಅನ್ನೋರಿಗೂ ಒಂದು ಮಾತು. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗಿನ ರಾಯಲ್ಟಿ ಇಲ್ಲ. ಗೆಳೆಯರಿಗೆಲ್ಲ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದ್ರೂ ಆ ಸಾವಿರ ಸುಲಭಕ್ಕೆ ದಾಟೋದಿಲ್ಲ.

ಕನಸು ಕಾಣೋರನ್ನು ಹೆದರಿಸೋಕೆ ಇದನ್ನೆಲ್ಲ ಬರೀತಿಲ್ಲ. ನಾನೂ ಈಗ ಇನ್ನೊಂದು ಹಾಡು ಬರೀತಿದೀನಿ, ಕೆಲಸದಲ್ಲಿದ್ದುಕೊಂಡೇ. ನಿಮ್ಮ ಆಫೀಸಿನಲ್ಲಿ ಮುಂದಿನ ಸಲ ಕೇಕ್ ಬಂದಾಗ ಬೆನ್ನು ತಟ್ಟಿ, ತಪ್ಪಿಲ್ಲ. ಜೊತೆಗೆ, 'ಸಹಿ ಹಾಕೋ ಮುಂಚೆ ಯಾರಾದ್ರೂ ವಕೀಲರಿಗೆ ತೋರಿಸು ಮಾರಾಯ' ಅಂತ ಒಂದು ಮಾತು ಹೇಳಿಬಿಡಿ. ನನಗೆ ಹೇಳೋರು ಯಾರೂ ಇರಲಿಲ್ಲ.